ಹೇಗೆ ಗೊತ್ತು? – ಜ್ಞಾನಸಾಧನೆಯಲ್ಲಿ ಕ್ರಮದ ಸ್ಥಾನ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಚಾತುರ್ಮಾಸ್ಯದ ಒಂದು ಸಂಜೆ. ಪ್ರವಚನ ಮುಗಿದು, ಮಂಗಳಾರತಿಯಾಗಿ, ತೀರ್ಥಪ್ರಸಾದ ಸ್ವೀಕರಿಸಿದ ಭಕ್ತರು ಒಬ್ಬೊಬ್ಬರಾಗಿ ಹೊರಡುತ್ತಿದ್ದರು. ದೂರದ ಉಪನಗರಗಳಿಂದ ಬಂದವರಿಗೆ ರೈಲು ತಪ್ಪೀತೆಂಬ ಆತುರ. ಆ ಗಡಿಬಿಡಿಯಲ್ಲಿ ವೈದ್ಯಕೀಯ ಓದುತ್ತಿರುವ ಹೆಣ್ಣುಮಗಳೊಬ್ಬಳು ಮುಂದೆ ಬಂದು ನಮಸ್ಕರಿಸಿ, “ಆಚಾರ್ಯರೇ, ಒಂದು ಮಾತು ಕೇಳಬಹುದೇ?” ಎಂದಳು. “ಕೇಳು ತಾಯಿ” ಎಂದೆನು. “ನಮ್ಮ ಕಾಲೇಜಿನಲ್ಲಿ ಯಾವ ಮಾತು ಹೇಳಿದರೂ ‘ಹೇಗೆ ಗೊತ್ತು?’ ಎಂದು ಕೇಳುತ್ತಾರೆ. ಮನೆಯಲ್ಲಿ ನಾನು ಹಾಗೆ ಕೇಳಿದರೆ ‘ಸುಮ್ಮನಿರು’ ಅನ್ನುತ್ತಾರೆ. ಹಾಗಾದರೆ ಅಲ್ಲಿ ಕಲಿಯುವುದು ವಿದ್ಯೆ, ಇಲ್ಲಿ ಕಲಿಯುವುದು ಬರಿಯ ನಂಬಿಕೆಯೇ?”

ಪಕ್ಕದಲ್ಲಿದ್ದ ತಂದೆಗೆ ಮುಜುಗರವಾಯಿತು. “ದೊಡ್ಡವರ ಮುಂದೆ ಹೀಗೆಲ್ಲ ಕೇಳಬಾರದಮ್ಮ” ಎಂದು ಅವಳನ್ನು ಹಿಂದಕ್ಕೆ ಕರೆದರು. ಆದರೆ ನನಗೆ ಆ ಕ್ಷಣದಲ್ಲಿ ನೆನಪಾದದ್ದು ಬೇರೊಂದು ನಗರ, ಬೇರೊಬ್ಬ ತರುಣ. ಅನೇಕ ವರ್ಷಗಳ ಹಿಂದೆ ಅವನೂ ಇಂಥದೇ ಪ್ರಶ್ನೆ ಕೇಳಿದ್ದನು. ನಾನು ನಕ್ಕು, “ವಯಸ್ಸಾದ ಮೇಲೆ ತಾನಾಗಿಯೇ ತಿಳಿಯುತ್ತದಪ್ಪ” ಎಂದು ಬೆನ್ನು ತಟ್ಟಿ ಕಳುಹಿಸಿದೆನು. ಆಮೇಲೆ ಅವನು ಮಠದ ಕಡೆಗೆ ಬರಲಿಲ್ಲ. “ಅವನಿಗೆ ಈಗ ಸಂಧ್ಯಾವಂದನೆಯೂ ಇಲ್ಲ, ಆಚಾರ್ಯರೇ” ಎಂದು ಅವನ ತಾಯಿ ಕಣ್ಣೊರೆಸಿಕೊಂಡಾಗ, ತಪ್ಪು ಅವನದಷ್ಟೇ ಅಲ್ಲವೆಂದು ನನಗೆ ತಿಳಿದಿತ್ತು. ಅವನು ಕೇಳಿದ್ದು ಉತ್ತರವನ್ನು. ನಾನು ಕೊಟ್ಟದ್ದು ಉಪಚಾರವನ್ನು.

ಆದುದರಿಂದ ಆ ಸಂಜೆ ಆ ಹೆಣ್ಣುಮಗಳನ್ನೂ ಅವಳ ತಂದೆತಾಯಿಗಳನ್ನೂ ಕುಳ್ಳಿರಿಸಿಕೊಂಡು ಆಡಿದ ಮಾತುಗಳನ್ನೇ ಇಲ್ಲಿ ವಿಸ್ತರಿಸಿ ನಿವೇದಿಸುತ್ತಿದ್ದೇನೆ. ಊರು ಬಿಟ್ಟು ಬಂದು ನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಇಂದಲ್ಲ ನಾಳೆ ಏಳದೆ ಇರುವುದಿಲ್ಲ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ‘ಹೇಗೆ ಗೊತ್ತು?’ ಎಂಬುದು ಪರಕೀಯವಾದ ಪ್ರಶ್ನೆಯಲ್ಲ. ನಮ್ಮ ಶಾಸ್ತ್ರದ ಹೊಸ್ತಿಲಲ್ಲಿ ನಿಂತಿರುವ ಪ್ರಶ್ನೆಯೇ ಅದು. ಶ್ರೀಮದಾಚಾರ್ಯರು ಪ್ರಮೇಯವನ್ನು ಹೇಳಿದಷ್ಟೇ ಆದರದಿಂದ ಪ್ರಮಾಣವನ್ನೂ ಹೇಳಿದ್ದಾರೆ. ದಶಪ್ರಕರಣಗಳಲ್ಲಿ ಒಂದಾದ ‘ಪ್ರಮಾಣಲಕ್ಷಣ’ವು ಅದಕ್ಕೆಂದೇ ರಚಿತವಾದ ಗ್ರಂಥ. ಟೀಕಾಕೃತ್ಪಾದರಾದ ಶ್ರೀಜಯತೀರ್ಥರು ಅದೇ ವಿಷಯವನ್ನು ವಿದ್ಯಾರ್ಥಿಗಳಿಗೆ ಸುಲಭವಾಗುವಂತೆ ‘ಪ್ರಮಾಣಪದ್ಧತಿ’ಯಲ್ಲಿ ಹೊಂದಿಸಿಕೊಟ್ಟರು. ಗ್ರಂಥದ ಹೆಸರಿನಲ್ಲಿಯೇ ‘ಪದ್ಧತಿ’ ಇದೆ. ಪದ್ಧತಿ ಎಂದರೆ ನಡೆದು ಹೋಗುವ ದಾರಿ. ಗುರಿಯನ್ನು ತೋರಿಸಿದರೆ ಸಾಲದು, ದಾರಿಯನ್ನೂ ತೋರಿಸಬೇಕೆಂಬುದು ಆ ಮಹನೀಯರ ಕಾರುಣ್ಯ.

ವಸ್ತುವು ಹೇಗಿದೆಯೋ ಹಾಗೆಯೇ ಅದನ್ನು ಗ್ರಹಿಸುವುದು ಪ್ರಮಾಣ. ಯಥಾರ್ಥವಾದ ಜ್ಞಾನವು ಕೇವಲಪ್ರಮಾಣ. ಅದನ್ನು ಉಂಟುಮಾಡುವ ಸಾಧನವು ಅನುಪ್ರಮಾಣ. ಅನುಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಇಷ್ಟನ್ನು ನಮ್ಮಲ್ಲಿ ಅನೇಕರು ಕೇಳಿ ಬಲ್ಲರು. ಆದರೆ ಮೂರು ಲಕ್ಷಣಗಳಲ್ಲಿಯೂ ಸಮಾನವಾಗಿ ಕಾಣುವ ಒಂದು ಪದವನ್ನು ಗಮನಿಸಿದವರು ಕಡಿಮೆ. ಆ ಪದ ‘ನಿರ್ದೋಷ’. ನಿರ್ದೋಷವಾದ ಇಂದ್ರಿಯಕ್ಕೆ ನಿರ್ದೋಷವಾದ ವಿಷಯದೊಡನೆ ಸನ್ನಿಕರ್ಷವಾದರೆ ಪ್ರತ್ಯಕ್ಷ. ನಿರ್ದೋಷವಾದ ಯುಕ್ತಿಯಾದರೆ ಅನುಮಾನ. ನಿರ್ದೋಷವಾದ ಶಬ್ದವಾದರೆ ಆಗಮ. ಕಂಡದ್ದೆಲ್ಲ ಪ್ರತ್ಯಕ್ಷವಲ್ಲ, ತೋಚಿದ್ದೆಲ್ಲ ಅನುಮಾನವಲ್ಲ, ಕೇಳಿದ್ದೆಲ್ಲ ಆಗಮವಲ್ಲ.

ಸಜ್ಜನರೇ, ನಾನು ನಿವೇದಿಸಬೇಕಾದ ಮುಖ್ಯ ಮಾತು ಇದೇ. ಕ್ರಮವೆಂಬುದು ದೋಷವನ್ನು ಹೊರಗಿಡುವುದಕ್ಕಾಗಿ ಹಾಕಿಕೊಂಡ ಬೇಲಿ. ದೋಷವು ಎಲ್ಲಿಂದ ನುಗ್ಗುತ್ತದೆಯೋ ಅಲ್ಲಿ ಬೇಲಿ ಬೇಕು. ಕಣ್ಣಿಗೆ ಬರುವ ದೋಷ ಬೇರೆ, ಯುಕ್ತಿಗೆ ಬರುವ ದೋಷ ಬೇರೆ, ಮಾತಿಗೆ ಬರುವ ದೋಷ ಬೇರೆ. ಆದುದರಿಂದಲೇ ಪ್ರತಿಯೊಂದು ವಿದ್ಯೆಗೂ ತನ್ನದೇ ಆದ ಕ್ರಮವಿದೆ. ಕ್ರಮಗಳು ಬೇರೆಯಾದರೂ ಉದ್ದೇಶ ಒಂದೇ: ‘ನನಗೆ ಪ್ರಿಯವಾದದ್ದು’ ಸತ್ಯದ ವೇಷ ಹಾಕಿಕೊಂಡು ಬಾರದಂತೆ ತಡೆಯುವುದು.

ಶಬ್ದವನ್ನು ಕಾಪಾಡಿದ ಕ್ರಮವನ್ನು ಮೊದಲು ನೋಡೋಣ. ವೇದವು ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದದ್ದು. ಮನುಷ್ಯನ ಸ್ಮೃತಿಗೆ ಮರೆವೆಂಬ ದೋಷವಿದೆ, ನಾಲಗೆಗೆ ತೊದಲುವ ದೋಷವಿದೆ. ಅದನ್ನು ತಡೆಯಲು ಪೂರ್ವಿಕರು ಕೇವಲ ‘ಎಚ್ಚರದಿಂದ ಹೇಳಿ’ ಎಂದು ಉಪದೇಶಿಸಿ ಕೈತೊಳೆದುಕೊಳ್ಳಲಿಲ್ಲ. ಸಂಹಿತಾಪಾಠದ ಮೇಲೆ ಪದಪಾಠವನ್ನು ಕಟ್ಟಿದರು. ಅದರ ಮೇಲೆ ಕ್ರಮಪಾಠವನ್ನು ಕಟ್ಟಿದರು. ಕ್ರಮಪಾಠದಲ್ಲಿ ಒಂದನೆಯ ಪದದೊಡನೆ ಎರಡನೆಯದು, ಎರಡನೆಯದರೊಡನೆ ಮೂರನೆಯದು ಹೀಗೆ ಜೋಡಿಯಾಗಿ ಬರುತ್ತವೆ. ಜಟೆಯಲ್ಲಿ ಆ ಜೋಡಿಯನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳಬೇಕು. ಘನದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಒಂದು ಪದ ಜಾರಿದರೆ ಅದು ಒಂದೇ ಸ್ಥಳದಲ್ಲಿ ಅಡಗಿ ಕುಳಿತುಕೊಳ್ಳಲಾರದು. ಹಲವು ಕಡೆಗಳಲ್ಲಿ ತಲೆಹಾಕಿ ಸಿಕ್ಕಿಬೀಳುತ್ತದೆ. 2003ರಲ್ಲಿ ಯುನೆಸ್ಕೋ ಸಂಸ್ಥೆಯು ವೇದಪಾರಾಯಣದ ಪರಂಪರೆಯನ್ನು ಮಾನವಕುಲದ ಮೌಖಿಕ ಸಂಪತ್ತೆಂದು ಸಾರಿತು. ಆದರೆ ಆ ಗೌರವಕ್ಕೆ ಕಾರಣವಾದದ್ದು ಬರಿಯ ಪುರಾತನತೆಯಲ್ಲ. ಪೀಳಿಗೆಯಿಂದ ಪೀಳಿಗೆಗೆ ತಪ್ಪದೆ ದಾಟಿಸಿದ ಈ ಶಿಸ್ತು.

ಇನ್ನು ಆ ಹೆಣ್ಣುಮಗಳ ವೈದ್ಯವಿದ್ಯೆಗೆ ಬರೋಣ. ಇಲ್ಲಿ ಯುಕ್ತಿಯ ದೋಷವೇ ಪ್ರಬಲವಾದದ್ದು. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಮತ್ತೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿಯರು ಜ್ವರದಿಂದ ಸಾಯುವುದು ಬಹಳ ಹೆಚ್ಚಾಗಿತ್ತು. ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಜನರು ಹೇಳುತ್ತಿದ್ದ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಜನಸಂದಣಿಯೇ ಕಾರಣವೆಂದರೆ, ಮತ್ತೊಂದು ವಿಭಾಗದಲ್ಲಿ ಸಂದಣಿ ಇನ್ನೂ ಹೆಚ್ಚು. ಮರಣಾಸನ್ನರಿಗಾಗಿ ಗಂಟೆ ಬಾರಿಸುತ್ತ ಬರುವ ಪಾದ್ರಿಯಿಂದ ಹುಟ್ಟುವ ಭಯವೇ ಕಾರಣವೆಂದರೆ, ಗಂಟೆ ನಿಲ್ಲಿಸಿದರೂ ಸಾವು ನಿಲ್ಲಲಿಲ್ಲ. ಹೆರಿಗೆಯ ಸಮಯದಲ್ಲಿ ಮಲಗಿಸುವ ರೀತಿಯನ್ನು ಬದಲಿಸಿದನು, ಫಲವಿಲ್ಲ. ಅಷ್ಟರಲ್ಲಿ ಶವಪರೀಕ್ಷೆಯ ವೇಳೆ ಚಾಕು ತಗುಲಿ ಗಾಯಗೊಂಡ ಅವನ ಸಹೋದ್ಯೋಗಿಯೊಬ್ಬನು ಅದೇ ಲಕ್ಷಣಗಳಿಂದ ಮೃತನಾದನು. ವಿದ್ಯಾರ್ಥಿಗಳು ಶವವನ್ನು ಮುಟ್ಟಿದ ಕೈಯಲ್ಲಿಯೇ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಪಾಠವಿರಲಿಲ್ಲ. 1847ರ ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮವನ್ನು ತಂದನು. ಏಪ್ರಿಲಿನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು.

ನಮ್ಮ ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ, ಅವನು ಮಾಡಿದ್ದು ಉಪಾಧಿಯನ್ನು ಹುಡುಕುವ ಕೆಲಸ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ವ್ಯಾಪ್ತಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎಂದರೆ ತಪ್ಪು. ಹಸಿಯ ಸೌದೆ ಎಂಬ ಉಪಾಧಿ ಅಲ್ಲಿ ಅಡಗಿದೆ. ಎರಡು ಸಂಗತಿಗಳು ಜೊತೆಯಾಗಿ ಕಂಡೊಡನೆ ಒಂದನ್ನು ಇನ್ನೊಂದಕ್ಕೆ ಕಾರಣವೆನ್ನುವುದು ಮನಸ್ಸಿನ ಚಪಲ. ಅನ್ವಯವ್ಯತಿರೇಕಗಳಿಂದ ಅದನ್ನು ತಡೆದು ನಿಲ್ಲಿಸುವುದು ಕ್ರಮ. ಇದನ್ನು ಹೇಳಿದಾಗ ಆ ಹುಡುಗಿಯ ಮುಖದಲ್ಲಿ ಒಂದು ಬೆಳಕು ಕಂಡಿತು. “ಇದು ನಮ್ಮ ಪಾಠದಲ್ಲಿಯೂ ಇದೆ, ಹೆಸರು ಬೇರೆ ಅಷ್ಟೆ” ಎಂದಳು.

ಮೂರನೆಯದು ಜ್ಯೋತಿಶ್ಶಾಸ್ತ್ರ. ಕೆಪ್ಲರ್ ಎಂಬ ಗಣಿತಜ್ಞನು ಕುಜಗ್ರಹದ ಗತಿಯನ್ನು ವೃತ್ತದ ಲೆಕ್ಕದಲ್ಲಿ ಕೂರಿಸಲು ವರ್ಷಗಟ್ಟಲೆ ಶ್ರಮಿಸಿದನು. ಕೊನೆಗೆ ಲೆಕ್ಕಕ್ಕೂ ವೇಧಕ್ಕೂ ಉಳಿದ ವ್ಯತ್ಯಾಸ ಕೇವಲ 8 ಕಲೆಗಳು. ಪೂರ್ಣಚಂದ್ರನ ಬಿಂಬದ ಅಗಲದಲ್ಲಿ ಸುಮಾರು ಕಾಲು ಭಾಗ. ಇನ್ನೊಬ್ಬನಾಗಿದ್ದರೆ ‘ಇಷ್ಟು ಸಾಕು’ ಎನ್ನುತ್ತಿದ್ದನು. ಆದರೆ ಆ ವೇಧಗಳನ್ನು ಬರೆದಿಟ್ಟವನು ಟೈಕೋ ಬ್ರಾಹೆ. ಅವನ ಕಣ್ಣು ಎಷ್ಟು ನಿಖರವೆಂಬುದು ಕೆಪ್ಲರನಿಗೆ ಗೊತ್ತಿತ್ತು. ಅಂಥ ವೀಕ್ಷಕನು ದೊರೆತದ್ದು ದೈವಕೃಪೆ, ಅದನ್ನು ಕೃತಜ್ಞತೆಯಿಂದ ಬಳಸಬೇಕು ಎಂಬ ಭಾವದಿಂದ ಅವನು ತನ್ನ ಲೆಕ್ಕವನ್ನೇ ಕೈಬಿಟ್ಟನು. ಆ 8 ಕಲೆಗಳಿಂದಲೇ ಗ್ರಹಗಳ ಪಥವು ದೀರ್ಘವೃತ್ತವೆಂಬ ನಿರ್ಣಯ ಹೊರಟು, 1609ರಲ್ಲಿ ಗ್ರಂಥವಾಯಿತು. ಟೈಕೋ 1601ರಲ್ಲಿಯೇ ತೀರಿಕೊಂಡಿದ್ದನು. ಕೆಪ್ಲರನು ಆಶ್ರಯಿಸಿದ್ದು ಸ್ವಂತ ಕಣ್ಣನ್ನಲ್ಲ, ಪರೀಕ್ಷಿತನಾದ ಒಬ್ಬ ಆಪ್ತನ ಮಾತನ್ನು. ವಿಜ್ಞಾನಕ್ಕೆ ಪ್ರತ್ಯಕ್ಷವೊಂದೇ ಸಾಕು, ಆಪ್ತವಾಕ್ಯ ಬೇಡ ಎನ್ನುವವರು ಇದನ್ನು ಯೋಚಿಸಬೇಕು.

ಇಷ್ಟಾದ ಮೇಲೆ, ನಮ್ಮ ವೇದಾಂತದಲ್ಲಿ ಕ್ರಮವೆಲ್ಲಿದೆ ಎಂಬ ಪ್ರಶ್ನೆ. ಬ್ರಹ್ಮಸೂತ್ರಗಳ ಯಾವ ಅಧಿಕರಣವನ್ನೇ ತೆಗೆದುಕೊಳ್ಳಿ. ಅಲ್ಲಿ ವಿಷಯವಿದೆ, ಸಂಶಯವಿದೆ, ಪೂರ್ವಪಕ್ಷವಿದೆ, ಸಿದ್ಧಾಂತವಿದೆ, ಫಲವಿದೆ. ಸಂಶಯಕ್ಕೆ ಶಾಸ್ತ್ರದಲ್ಲಿ ಹೀಗೆ ಗೊತ್ತಾದ ಒಂದು ಪೀಠವಿದೆ. ಅದನ್ನು ಕದ್ದು ಒಳಗೆ ಬಂದ ಅಪರಾಧಿಯೆಂದು ಯಾರೂ ಹೊರದೂಡಲಿಲ್ಲ. ಪೂರ್ವಪಕ್ಷವನ್ನಂತೂ ಅದರ ಪೂರ್ಣಬಲದೊಡನೆ ಹೇಳಬೇಕು. ಶ್ರೀಮನ್ನ್ಯಾಯಸುಧೆಯನ್ನು ಓದಿದವರಿಗೆ ಅನುಭವವಿದೆ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಶ್ರೀಮಟ್ಟೀಕಾಕೃತ್ಪಾದರೇ ಹೇಳುತ್ತಿದ್ದಾರೆಯೇ ಎಂಬ ಭ್ರಮೆ ಹುಟ್ಟುತ್ತದೆ. ಶ್ರೀವ್ಯಾಸರಾಜರ ‘ನ್ಯಾಯಾಮೃತ’ಕ್ಕೆ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಿಂದ ಉತ್ತರ ಬರೆದರು, ಅದಕ್ಕೆ ರಾಮಾಚಾರ್ಯರ ‘ತರಂಗಿಣಿ’ ಪ್ರತ್ಯುತ್ತರವಾಯಿತು. ಪ್ರಶ್ನೆಗೆ ಹೆದರಿದ ಪರಂಪರೆಯಲ್ಲಿ ಇಂಥ ಗ್ರಂಥಮಾಲೆ ಹುಟ್ಟುವುದಿಲ್ಲ.

ವಾಕ್ಯದ ಅರ್ಥನಿರ್ಣಯಕ್ಕೂ ಕ್ರಮವಿದೆ. ಹಿಂದೆ ಊರಿನಿಂದ ಹಿರಿಯರ ದೀರ್ಘವಾದ ಪತ್ರ ಬರುತ್ತಿದ್ದುದು ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಅದರಲ್ಲಿ ಮಳೆಬೆಳೆಯ ಸುದ್ದಿ, ಹಸು ಕರು ಹಾಕಿದ ಸುದ್ದಿ, ಯಾರದೋ ಮುಂಜಿಯ ಸುದ್ದಿ ಎಲ್ಲವೂ ಇರುತ್ತಿದ್ದವು. ಆದರೆ ಬರೆದವರ ಮುಖ್ಯ ತಾತ್ಪರ್ಯ ‘ಈ ಸಲ ಆರಾಧನೆಗೆ ಬಂದು ಹೋಗು’ ಎಂಬುದೆಂದು ಹೇಗೆ ತಿಳಿಯುತ್ತಿತ್ತು? ಅದರಿಂದಲೇ ಆರಂಭಿಸಿ ಅದರಿಂದಲೇ ಮುಗಿಸುತ್ತಿದ್ದರು, ನಡುನಡುವೆ ಅದನ್ನೇ ಮತ್ತೆ ಹೇಳುತ್ತಿದ್ದರು, ಬೇರೆಲ್ಲಿಂದಲೂ ನಮಗೆ ತಿಳಿಯದ ಸಂಗತಿ ಅದಾಗಿರುತ್ತಿತ್ತು, ಬಂದರೆ ಆಗುವ ಪ್ರಯೋಜನವನ್ನು ಹೇಳುತ್ತಿದ್ದರು, ಬಂದವರನ್ನು ಹೊಗಳುತ್ತಿದ್ದರು, ಬರಲೇಬೇಕೆಂಬುದಕ್ಕೆ ಯುಕ್ತಿಯನ್ನೂ ಕೊಡುತ್ತಿದ್ದರು. ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತಾ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ತಾತ್ಪರ್ಯಲಿಂಗಗಳು ಇವೇ. ನಡುವಿನ ಒಂದು ಸಾಲನ್ನು ಕಿತ್ತು ತಂದು ‘ಶಾಸ್ತ್ರ ಹೀಗೆ ಹೇಳುತ್ತದೆ’ ಎನ್ನುವವನು, ಹಸು ಕರು ಹಾಕಿದ ಸುದ್ದಿಯನ್ನು ಓದಿ ಪತ್ರ ಮಡಿಸಿಟ್ಟವನ ಹಾಗೆ.

ಆ ಹೆಣ್ಣುಮಗಳು ಚುರುಕಾದವಳು. “ಎಲ್ಲ ಸರಿ, ಆಚಾರ್ಯರೇ. ಆದರೆ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದು. ದೇವರನ್ನು ತೋರಿಸಲಾಗುವುದಿಲ್ಲವಲ್ಲ?” ಎಂದಳು. ತಂದೆ ಮತ್ತೆ ತಲೆ ತಗ್ಗಿಸಿದರು. ನನಗೆ ಸಂತೋಷವೇ ಆಯಿತು. ಇದು ಒಳ್ಳೆಯ ಪೂರ್ವಪಕ್ಷ.

ಉತ್ತರ ಹೀಗಿದೆ. ಕಣ್ಣಿಗೆ ರಾಗ ಕಾಣುವುದಿಲ್ಲ, ಕಿವಿಗೆ ಬಣ್ಣ ಕೇಳುವುದಿಲ್ಲ. ಕಾಣಲು ಯೋಗ್ಯವಾದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ನಿನಗಾಗುವ ಸುಖದುಃಖಗಳನ್ನು ಯಾವ ಯಂತ್ರವೂ ನಿನ್ನಷ್ಟು ನೇರವಾಗಿ ಅರಿಯಲಾರದು. ಅದನ್ನು ಅರಿಯುವುದು ನಿನ್ನ ಸ್ವರೂಪಭೂತವಾದ ಸಾಕ್ಷಿ. ಹಾಗೆಯೇ ಧರ್ಮಾಧರ್ಮಗಳು, ಶ್ರೀಹರಿಯ ಅನಂತಗುಣಗಳು ಇಂದ್ರಿಯಕ್ಕೂ ಸ್ವತಂತ್ರವಾದ ಯುಕ್ತಿಗೂ ಗೋಚರವಲ್ಲ. ಅಲ್ಲಿಗೆ ಸದಾಗಮವೇ ದಾರಿ. ಆ ಆಗಮಕ್ಕೂ ನಿರ್ದೋಷತ್ವದ ಪರೀಕ್ಷೆ ತಪ್ಪಿದ್ದಲ್ಲ. ಮಾತಿಗೆ ದೋಷ ಬರುವುದು ಆಡುವವನ ಭ್ರಮೆಯಿಂದ, ಅಜಾಗರೂಕತೆಯಿಂದ, ವಂಚನೆಯ ಇಚ್ಛೆಯಿಂದ, ಇಂದ್ರಿಯಗಳ ಅಸಾಮರ್ಥ್ಯದಿಂದ. ವೇದವು ಅಪೌರುಷೇಯವಾದುದರಿಂದ ಈ ದೋಷಗಳಿಗೆ ಅಲ್ಲಿ ಎಡೆಯಿಲ್ಲವೆಂಬುದು ಸಿದ್ಧಾಂತ. ಅಪೌರುಷೇಯತ್ವವನ್ನಾದರೂ ಏಕೆ ಒಪ್ಪಬೇಕೆಂದು ಕೇಳಿದರೆ, ಆ ವಿಚಾರವನ್ನೇ ಶ್ರೀಮದಾಚಾರ್ಯರು ‘ವಿಷ್ಣುತತ್ತ್ವವಿನಿರ್ಣಯ’ದ ಆದಿಭಾಗದಲ್ಲಿ ಎತ್ತಿಕೊಂಡಿದ್ದಾರೆ.

ಇನ್ನೊಂದು ಮಾತನ್ನೂ ಹೇಳಿದೆನು. ಆಗಮದ ಹೆಸರಿನಲ್ಲಿ ಪರೀಕ್ಷಿತವಾದ ಅನುಭವವನ್ನು ತಳ್ಳಿಹಾಕಲು ನಮ್ಮ ಸಿದ್ಧಾಂತದಲ್ಲಿ ಅವಕಾಶವಿಲ್ಲ. ಒಂದು ಪ್ರಮಾಣವು ಮತ್ತೊಂದನ್ನು ಆಶ್ರಯಿಸಿ ಬದುಕುತ್ತಿದ್ದರೆ, ಆಶ್ರಯವಾದದ್ದು ಉಪಜೀವ್ಯ. ಉಪಜೀವ್ಯವನ್ನು ವಿರೋಧಿಸಿ ಯಾವ ವಾಕ್ಯಕ್ಕೂ ಅರ್ಥ ಹೇಳಕೂಡದು. ಜಗತ್ತು ಸತ್ಯ, ಭೇದ ಸತ್ಯ ಎಂದು ಶ್ರೀಮದಾಚಾರ್ಯರು ಅಷ್ಟು ದೃಢವಾಗಿ ನಿರೂಪಿಸಿದ್ದರ ಹಿಂದೆ ಈ ಕ್ರಮವಿದೆ. ಜಗತ್ತು ಸತ್ಯವಾದುದರಿಂದಲೇ ಜಗತ್ತನ್ನು ಪರೀಕ್ಷಿಸುವ ವಿದ್ಯೆಗೂ ಬೆಲೆಯುಂಟು. ನೀನು ಪ್ರಯೋಗಾಲಯದಲ್ಲಿ ನೋಡುವುದು ಭ್ರಾಂತಿಯನ್ನಲ್ಲ, ಶ್ರೀಹರಿಯ ಅಧೀನವಾದ ಸತ್ಯವನ್ನೇ.

ಅವಳಿಗೆ ಆ ರಾತ್ರಿ ಪೂರ್ಣ ಸಮಾಧಾನವಾಯಿತೆಂದು ನಾನು ಹೇಳುವುದಿಲ್ಲ. “ಅಪೌರುಷೇಯತ್ವದ ವಿಚಾರ ಇನ್ನೂ ಒಪ್ಪಿಗೆಯಾಗಲಿಲ್ಲ” ಎಂದು ನೇರವಾಗಿಯೇ ಹೇಳಿದಳು. “ಹಾಗಾದರೆ ಅದನ್ನು ಬರೆದಿಟ್ಟುಕೊಂಡು ಬಾ, ಮೂಲಗ್ರಂಥ ಇಟ್ಟುಕೊಂಡು ನೋಡೋಣ” ಎಂದೆನು. ಅವಳು ಬರುತ್ತೇನೆ ಎಂದಳು. ಹಿಂದಿನ ತರುಣನಿಗೆ ನಾನು ಕೊಡದೆ ಹೋದದ್ದು ಈ ‘ನೋಡೋಣ’ ಎಂಬ ಮಾತೊಂದನ್ನೇ.

ಮಾತೆಯರೇ, ಮಹನೀಯರೇ, ಈಗ ನಮ್ಮ ನಮ್ಮ ಮನೆಗಳ ವಿಚಾರ. ಊರಿನಲ್ಲಿದ್ದಾಗ ಆಚಾರವು ಗಾಳಿಯಲ್ಲಿಯೇ ಇತ್ತು; ಕಾರಣ ಕೇಳದೆಯೇ ಮಕ್ಕಳು ಕಲಿಯುತ್ತಿದ್ದರು. ನಗರದ ಎರಡು ಕೋಣೆಗಳ ಮನೆಯಲ್ಲಿ ಆ ಗಾಳಿಯಿಲ್ಲ. ಇಲ್ಲಿ ಮಗು ಕಾರಣ ಕೇಳಿಯೇ ಕೇಳುತ್ತದೆ. ಆಗ ಮೂರು ಸಂಗತಿಗಳನ್ನು ಬೇರ್ಪಡಿಸಿ ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳೋಣ: ಇದು ಶಾಸ್ತ್ರದ ವಿಧಿ, ಇದು ನಮ್ಮ ಮನೆತನದ ಆಚಾರ, ಇದು ನಮ್ಮ ಅನುಕೂಲಕ್ಕಾಗಿ ನಾವು ಮಾಡಿಕೊಂಡದ್ದು. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಶಾಸ್ತ್ರ’ವೆಂದು ಮಗುವಿನ ತಲೆಯ ಮೇಲಿಟ್ಟರೆ, ಮೂರನೆಯದು ಸುಳ್ಳೆಂದು ತಿಳಿದ ದಿನ ಅದು ಗಂಟನ್ನೇ ಇಳಿಸಿಬಿಡುತ್ತದೆ. ಗೊತ್ತಿಲ್ಲದಿದ್ದರೆ ‘ನನಗೆ ಗೊತ್ತಿಲ್ಲ, ಕೇಳಿ ತಿಳಿಯೋಣ’ ಎನ್ನುವುದರಲ್ಲಿ ಅಗೌರವವಿಲ್ಲ.

ಏಕಾದಶಿಯನ್ನೇ ನೋಡಿ. ‘ನಿನ್ನೆ ನೆರೆಮನೆಯವರು ಉಪವಾಸ ಮಾಡಿದರು, ನಾವೇಕೆ ಇಂದು?’ ಎಂದು ಮಗ ಕೇಳುತ್ತಾನೆ. ಸೂರ್ಯಚಂದ್ರರ ನಡುವಿನ ಅಂತರ 12 ಅಂಶ ಹೆಚ್ಚಿದರೆ ಒಂದು ತಿಥಿ. ಸೂರ್ಯೋದಯಕ್ಕೆ 4 ಘಳಿಗೆ, ಅಂದರೆ 96 ನಿಮಿಷ ಮೊದಲು ಅರುಣೋದಯ. ಆ ಹೊತ್ತಿಗೆ ದಶಮಿ ಸ್ವಲ್ಪವಾದರೂ ಉಳಿದಿದ್ದರೆ ಆ ಏಕಾದಶಿ ವಿದ್ಧವಾದುದರಿಂದ ಮರುದಿನ ಉಪವಾಸ. ರೇಖಾಂಶದ ಲೆಕ್ಕದಲ್ಲಿಯೇ ಚೆನ್ನೈಯ ಸೂರ್ಯೋದಯ ಮುಂಬಯಿಗಿಂತ ಸುಮಾರು ಅರ್ಧ ಗಂಟೆ ಮೊದಲು. ಋತುವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಇಷ್ಟನ್ನು ಮಗನೊಡನೆ ಕುಳಿತು ಪಂಚಾಂಗ ಬಿಡಿಸಿ ತೋರಿಸಿರಿ. ನಿರ್ಣಯಕ್ಕೆ ಮಠದ ಪಂಚಾಂಗವೇ ಆಧಾರವಾಗಿರಲಿ. ಆದರೆ ನಿರ್ಣಯದ ಹಿಂದೆ ಲೆಕ್ಕವಿದೆಯೆಂದು ಕಂಡ ಹುಡುಗನು ಉಪವಾಸವನ್ನು ಹೊರೆಯೆಂದು ತಿಳಿಯುವುದಿಲ್ಲ.

ಕಡೆಯದಾಗಿ ಒಂದು ಎಚ್ಚರಿಕೆ. ಕ್ರಮವು ದಾರಿಯೇ ಹೊರತು ಗುರಿಯಲ್ಲ. ಶ್ರವಣದಿಂದ ತಿಳಿದು, ಮನನದಿಂದ ಸಂಶಯ ಕಳೆದು, ನಿದಿಧ್ಯಾಸನದಿಂದ ಅದನ್ನು ನೆಲೆಗೊಳಿಸಬೇಕು. ತರ್ಕದಲ್ಲಿ ಗೆದ್ದು ಹೃದಯದಲ್ಲಿ ಭಕ್ತಿಯಿಲ್ಲದವನು ದಾರಿಯ ನಕ್ಷೆಯನ್ನು ಕಂಠಪಾಠ ಮಾಡಿ ಮನೆಯಲ್ಲಿಯೇ ಕುಳಿತವನು. ಗೀತೆಯಲ್ಲಿ ಶ್ರೀಕೃಷ್ಣನು ಜ್ಞಾನ ಪಡೆಯುವ ಬಗೆಯನ್ನು ಹೇಳುವಾಗ ನಮಸ್ಕಾರ, ಪರಿಪ್ರಶ್ನೆ, ಸೇವೆ ಎಂಬ ಮೂರನ್ನೂ ಹೇಳಿದ್ದಾನೆ. ನಮಸ್ಕಾರ ಮತ್ತು ಸೇವೆಗಳ ನಡುವೆ ಪ್ರಶ್ನೆ ಕುಳಿತಿದೆ. ನಾವು ಮಕ್ಕಳಿಗೆ ನಮಸ್ಕಾರವನ್ನು ಕಲಿಸಿದ್ದೇವೆ, ಸೇವೆಯನ್ನು ಕಲಿಸಿದ್ದೇವೆ, ನಡುವಿನದನ್ನು ಬಿಟ್ಟಿದ್ದೇವೆ.

ವಾರದಲ್ಲಿ ಒಂದು ಗಂಟೆ ದೂರದರ್ಶನವನ್ನು ನಿಲ್ಲಿಸಿ, ‘ತತ್ತ್ವಸಂಖ್ಯಾನ’ದಂಥ ಒಂದು ಚಿಕ್ಕ ಪ್ರಕರಣವನ್ನು ಬಲ್ಲವರಿಂದ ಕೇಳಿ, ಮನೆಮಂದಿಯೆಲ್ಲ ಕುಳಿತು ವಿಚಾರ ಮಾಡಿರಿ. ಮಕ್ಕಳು ಪೂರ್ವಪಕ್ಷ ಮಾಡಲಿ. ಉತ್ತರ ತೋಚದಿದ್ದರೆ ಬರೆದಿಟ್ಟು ಮಠಕ್ಕೆ ತನ್ನಿರಿ. ಮುಂದಿನ ಸಲ ನಿಮ್ಮ ಮಗಳು ‘ಹೇಗೆ ಗೊತ್ತು?’ ಎಂದಾಗ ತಲೆ ತಗ್ಗಿಸಬೇಡಿರಿ. ಅವಳು ಶಾಸ್ತ್ರವನ್ನು ಬಿಟ್ಟು ಹೋಗುತ್ತಿಲ್ಲ. ಅದರ ಮೊದಲನೆಯ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಾಳೆ. ಕೈ ಹಿಡಿದು ಎರಡನೆಯದನ್ನು ಹತ್ತಿಸುವುದು ನಮ್ಮ ಕರ್ತವ್ಯ. ಅದಕ್ಕೆ ಬೇಕಾದ ಬುದ್ಧಿಯನ್ನೂ ತಾಳ್ಮೆಯನ್ನೂ ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥